ಆಯುಧಪೂಜೆಗೆ ತೊಳೆದ ಬಾಟಲಿಗಳು

ನಾನು ಹುಟ್ಟಿದಾಗಿನಿಂದ ಒಂದು ತೊಟ್ಟು ಕುಡಿದವನಲ್ಲ. ಇದನ್ನು ಮೊದಲೇ ಹೇಳಿಬಿಡೋದು ಒಳ್ಳೇದು, ಯಾಕಂದರೆ ಹ್ಯೂಸ್ಟನ್ನಿನಲ್ಲಿ ಒಂದು ಸರ್ಕಾರದ ವೈನ್ ಕೋಣೆ ನೋಡಿಕೊಳ್ತಿದ್ದೆ ಅಂದ ತಕ್ಷಣ ಜನ ಮುಖ ಮುಖ ನೋಡ್ತಾರೆ. ನಮ್ಮ ಕನ್ನಡ ಕೂಟದ ಚನ್ನಕೇಶವನಂತೂ, "ಏನ್ ಗೋವಿಂದರಾಜು, ರುಚಿ ನೋಡೋದೂ ನಿಮ್ಮ ಡ್ಯೂಟೀನಾ?" ಅಂತ ಎಲ್ಲರ ಮುಂದೆ ಕೇಳಿದ. ಅವನಿಗೆ ಉತ್ತರ ಕೊಡೋಕೆ ಹೋಗಲಿಲ್ಲ. ನಿಮಗೆ ಹೇಳ್ತೀನಿ.

ಸರ್ಕಾರ ಅಂದರೆ ಅಮೆರಿಕದ್ದಲ್ಲ, ಯೂರೋಪಿನ ಒಂದು ಪುಟ್ಟ ದೇಶದ್ದು. ಹೆಸರು ಬೇಡ. ಭೂಪಟದ ಮೇಲೆ ಹೆಬ್ಬೆಟ್ಟು ಇಟ್ಟರೆ ಇಡೀ ದೇಶ ಮುಚ್ಚಿಹೋಗುತ್ತೆ. ಅವರ ಕಾನ್ಸುಲ್ ಸಾಹೇಬರ ಬಂಗಲೆ ಹ್ಯೂಸ್ಟನ್ನಿನಲ್ಲಿದೆ. ಅವರ ಕಡೆಯ ಮಂತ್ರಿ ಬರಲಿ, ಇಲ್ಲಿಯ ಎಣ್ಣೆ ಕಂಪನಿಯ ದೊಡ್ಡವರು ಊಟಕ್ಕೆ ಬರಲಿ, ಮೇಜಿನ ಮೇಲೆ ಅವರ ನೆಲದ ವೈನೇ ಇರಬೇಕು. ನಮ್ಮಲ್ಲಿ ಮನೆಗೆ ಬಂದವರಿಗೆ ಹಾರ ಹಾಕಿ ಪೇಟ ತೊಡಿಸೋಲ್ವೇ, ಹಾಗೆ ಅದು. ಅವರ ಊರಲ್ಲಾದರೆ ಇದಕ್ಕೆ ನೆಲಮಾಳಿಗೆ ಕಟ್ತಾರಂತೆ. ಹ್ಯೂಸ್ಟನ್ನಿನಲ್ಲಿ ನಾಲ್ಕು ಅಡಿ ಅಗೆದರೆ ನೀರು, ಹಾಗಾಗಿ ಗ್ಯಾರೇಜಿನ ಹಿಂದೆ ಒಂದು ತಣ್ಣನೆ ಕೋಣೆ ಮಾಡಿದ್ದರು. ಹೊರಗೆ ಮೈ ಬೇಯೋ ಬಿಸಿಲಿರಲಿ, ಒಳಗೆ ಹದಿಮೂರು ಡಿಗ್ರಿ.

ಆ ಕೋಣೆಯ ಜವಾಬ್ದಾರಿ ಪೂರ್ತಿ ರಮಾದು. ಮೈಸೂರಿನವಳು, ನನ್ನ ಮಗಳು ಪ್ರಗತಿಯ ಕಾಲೇಜು ಗೆಳತಿ. ಯಾವ ಊಟಕ್ಕೆ ಯಾವ ಬಾಟಲಿ, ಯಾವುದನ್ನು ಇನ್ನೂ ಹತ್ತು ವರ್ಷ ಮುಟ್ಟಬಾರದು, ಎಲ್ಲಾ ಅವಳ ತಲೆಯಲ್ಲಿ. ನಾನು ಬಂಗಲೆಯ ಕೇರ್‌ಟೇಕರ್: ಏಸಿ, ಜನರೇಟರ್, ಗೇಟು, ಹುಲ್ಲಿಗೆ ನೀರು. ಆ ಕೆಲಸ ಕೊಡಿಸಿದವಳೂ ಅವಳೇ. ಪ್ರಗತಿ ಗ್ರೀನ್ ಕಾರ್ಡ್ ಮಾಡಿಸಿ ಶುಗರ್ ಲ್ಯಾಂಡ್‌ಗೆ ಕರೆಸಿಕೊಂಡ ಮೇಲೆ ಸೋಫಾ ಮೇಲೆ ಕೂತೂ ಕೂತೂ ನನಗೆ ಹುಚ್ಚು ಹಿಡಿಯೋದೊಂದು ಬಾಕಿಯಿತ್ತು. ಚನ್ನರಾಯಪಟ್ಟಣದ ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಸ್ಟೋರ್ ಕೀಪರ್ ಆಗಿದ್ದವನು ನಾನು. ನನ್ನ ಸ್ಟೋರಿನಲ್ಲಿ ಒಂದು ನಟ್ಟು ಕಾಣೆಯಾಗಿಲ್ಲ, ನನ್ನ ಹೆಸರಿಗೆ ಒಂದು ಮೆಮೊ ಬಂದಿಲ್ಲ. ರಿಟೈರ್ ಆದ ದಿನ ಮ್ಯಾನೇಜರು ಮೈಕಿನಲ್ಲಿ ಹೇಳಿದ್ದು ಇದೊಂದೇ ಮಾತು, ನನಗೆ ಅಷ್ಟು ಸಾಕಾಗಿತ್ತು.

ಬಂಗಲೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ವೈನ್ ಕೋಣೆಯ ಕೀ ರಮಾ ಕೈ ಬಿಟ್ಟು ಇನ್ನೊಬ್ಬರ ಕೈಗೆ ಹೋಗುವ ಹಾಗಿಲ್ಲ. ಅವಳಿಗಿಂತ ಮುಂಚೆ ಇದ್ದವನು ಒಂದು ಸಲ ಡ್ರೈವರ್ ಕೈಗೆ ಕೀ ಕೊಟ್ಟ ಅಂತ ಅದೇ ದಿನ ಸಂಜೆ ಮನೆಗೆ ಕಳಿಸಿದ್ದರು. ಸ್ಟೋರ್ ಕೀಪರ್ ಆಗಿದ್ದ ನನಗೆ ಆ ನಿಯಮ ಸರಿಯಾಗೇ ಕಂಡಿತ್ತು.

ಆದರೂ ನನ್ನ ಹತ್ತಿರ ಒಂದು ಕೀ ಇತ್ತು. ರಮಾ ಮನೆಯಿರೋದು ಡ್ಯಾಲಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿ. ಗಂಡ ಚಿದಾನಂದ್‌ಗೆ ಟೆಲಿಕಾಂ ಕಂಪನಿಯ ಕೆಲಸ ಹೋಗಿ ಎಂಟು ತಿಂಗಳಾಗಿತ್ತು. ಒಬ್ಬಳೇ ಮಗಳು ನಿಶಿತಾಗೆ ಆರನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಹೋಗಲೇಬೇಕು. ಈ ದೇಶದಲ್ಲಿ ಔಷಧಿ ಅಂದರೆ ಇನ್ಶೂರೆನ್ಸ್, ಇನ್ಶೂರೆನ್ಸ್ ಅಂದರೆ ಕೆಲಸ. ಮೂರು ಜನರ ಇನ್ಶೂರೆನ್ಸೂ ಇವಳ ಕೆಲಸದ ಮೇಲೆ ನಿಂತಿತ್ತು. ಐದು ದಿನ ಹ್ಯೂಸ್ಟನ್ನಿನಲ್ಲಿ ಒಂದು ರೂಮು, ಶುಕ್ರವಾರ ಸಂಜೆ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಮಗಳ ಹತ್ತಿರ. ಹೋದ ವರ್ಷ ಬಿರುಗಾಳಿಗೆ ಒಂದು ಶುಕ್ರವಾರ ರಾತ್ರಿ ಕರೆಂಟು ಹೋಗಿ, ಜನರೇಟರ್ ಲೈನು ಟ್ರಿಪ್ ಆಗಿ, ಕೋಣೆ ಒಳಗೆ ಬಿಸಿ ಏರ್ತಿದ್ದರೆ ನಾನು ಬಾಗಿಲ ಹೊರಗೆ ಕೈ ಕಟ್ಟಿ ನಿಂತಿದ್ದೆ. ಅವಳು ಅರ್ಧ ದಾರಿಯಿಂದ ವಾಪಸ್ ಬಂದಳು, ಅಳ್ತಾ. ಮಾರನೇ ವಾರ ನನ್ನ ಕೈಗೆ ಡೂಪ್ಲಿಕೇಟ್ ಕೀ ಇಟ್ಟು, "ಅಂಕಲ್, ಪ್ರಗತಿಗೂ ಹೇಳಬೇಡಿ. ಗೊತ್ತಾದರೆ ನನ್ನ ಕೆಲಸ ಅವತ್ತೇ ಹೋಗುತ್ತೆ" ಅಂದಳು. ನಾನು ಹೇಳಲಿಲ್ಲ.

ಈಗ ಆಯುಧಪೂಜೆ ವಿಷಯಕ್ಕೆ ಬರ್ತೀನಿ. ಬುಧವಾರ ಬಿದ್ದಿತ್ತು. ಆ ದೇಶದ ಪಾರ್ಲಿಮೆಂಟಿನ ಸ್ಪೀಕರ್, ಎಂಬತ್ತು ವರ್ಷದ ಅಜ್ಜಿ, ಟೆಕ್ಸಸ್ ಪ್ರವಾಸಕ್ಕೆ ಬಂದಿದ್ದರು. ಡ್ಯಾಲಸ್, ಆಸ್ಟಿನ್ ಮುಗಿಸಿ ಶುಕ್ರವಾರ ರಾತ್ರಿ ಬಂಗಲೆಯಲ್ಲಿ ಊಟ. ಸಾಹೇಬರೂ, ಅಲ್ಲಿಯ ಊಟಗಳ ವೈನ್ ನೋಡಿಕೊಳ್ಳೋಕೆ ರಮಾನೂ ಅವರ ಜೊತೆ ಹೋಗಿದ್ದರು, ಬಂಗಲೆಯಲ್ಲಿ ನಾನೊಬ್ಬನೇ.

ಡಿಪೋದಲ್ಲಿ ಕೆಲಸ ಮಾಡಿದವನಿಗೆ ಆಯುಧಪೂಜೆ ಅಂದರೆ ಏನು ಅಂತ ಸಾಫ್ಟ್‌ವೇರ್‌ನವರಿಗೆ ಗೊತ್ತಾಗಲ್ಲ. ಇವರು ಲ್ಯಾಪ್‌ಟಾಪಿಗೆ ಒಂದು ಹೂವು ಇಟ್ಟು ಫೋಟೋ ಹೊಡೆದರೆ ಮುಗೀತು. ನಮ್ಮಲ್ಲಿ ಎಂಬತ್ತು ಬಸ್ಸನ್ನೂ ಮೇಲಿಂದ ಕೆಳಗೆ ತೊಳೆಯದೆ ಕುಂಬಳಕಾಯಿ ಮುಟ್ಟುತ್ತಿರಲಿಲ್ಲ. ಜನರೇಟರ್ ತೊಳೆದೆ, ಏಸಿ ಯಂತ್ರ ಒರೆಸಿದೆ, ಹುಲ್ಲು ಕತ್ತರಿಸೋ ಮಿಷಿನ್ನಿಗೆ ಕುಂಕುಮ ಇಟ್ಟೆ. ಆಮೇಲೆ ವೈನ್ ಕೋಣೆ. ಮುಂದಿನ ರ್‍ಯಾಕುಗಳೆಲ್ಲ ಲಕಲಕ ಅಂತಿದ್ದವು. ಕೊನೇ ರ್‍ಯಾಕಿನಲ್ಲಿ ಮಾತ್ರ ಇಪ್ಪತ್ತನಾಲ್ಕು ಬಾಟಲಿ, ಧೂಳು, ಜೇಡರ ಬಲೆ, ಕಪ್ಪು ಬೂಷ್ಟು. ಒಂದು ದೇಶದ ಮರ್ಯಾದೆಯನ್ನು ಹೀಗೆ ಇಡ್ತಾರಾ ಅಂತ ನನಗೆ ರೇಗಿತು.

ಎರಡು ಬಕೆಟ್ ಬಿಸಿನೀರು, ಸೋಪು. ಎಲ್ಲಾ ಇಪ್ಪತ್ತನಾಲ್ಕನ್ನೂ ಇಳಿಸಿ ಮುಳುಗಿಸಿದೆ. ಐದು ನಿಮಿಷಕ್ಕೆ ಲೇಬಲ್ಲುಗಳು ಹಾಲಿನ ಕೆನೆಯ ಹಾಗೆ ಮೇಲೆ ಎದ್ದುಬಂದವು. ಆಗಲೂ ನಾನು ಗಾಬರಿಯಾಗಲಿಲ್ಲ ನೋಡಿ. ಇಪ್ಪತ್ತನಾಲ್ಕೂ ಒಂದೇ ಆಕಾರ, ಒಂದೇ ಎತ್ತರ, ಲೇಬಲ್ಲಿನ ಮೇಲೆ ಒಂದೇ ಚರ್ಚಿನ ಚಿತ್ರ. ಒಂದೇ ಐಟಂ ಅಂದುಕೊಂಡೆ. ಡಿಪೋ ಬುದ್ಧಿ, ಯಾವುದನ್ನೂ ಬಿಸಾಕಲ್ಲ. ಲೇಬಲ್ಲುಗಳನ್ನು ಜಾಹೀರಾತು ಪೇಪರಿನ ನಡುವೆ ಒಣಗಲು ಇಟ್ಟೆ, ಒಂದೊಂದು ಬಾಟಲಿಯ ಕತ್ತಿಗೂ ಕುಂಕುಮದ ಬೊಟ್ಟಿಟ್ಟು ಸಾಲಾಗಿ ಮಲಗಿಸಿದೆ. ಅವತ್ತು ಮನೆಗೆ ಹೋಗುವಾಗ ಬಹಳ ತೃಪ್ತಿಯಾಗಿತ್ತು.

ಶುಕ್ರವಾರ ಒಂದು ಗಂಟೆಗೆ ಆಸ್ಟಿನ್ನಿಂದ ರಮಾ ಫೋನ್ ಮಾಡಿದಳು.

"ಅಂಕಲ್, ಹೊರಟ್ವಿ. ಅಜ್ಜಿಗೆ ಆಸ್ಟಿನ್ ಗಾಳಿ ಆಗಿಬರಲಿಲ್ಲ, ಬೆಳಗ್ಗೆಯಿಂದ ಬರೀ ಸೀನು. ನೀವೊಂದು ಕೆಲಸ ಮಾಡಿ. ಕೊನೇ ರ್‍ಯಾಕಿನಲ್ಲಿ ಎಡಗಡೆ ಹನ್ನೆರಡು ಬಾಟಲಿ ಇದೆಯಲ್ಲ, ಅದರಲ್ಲಿ ಆರು ತೆಗೆದು ನೆಟ್ಟಗೆ ನಿಲ್ಲಿಸಿ. ಮೆತ್ತಗೆ ತೆಗೀರಿ, ಅಲ್ಲಾಡಿಸಬೇಡಿ. ಬಲಗಡೆದು ಮಾತ್ರ ಮುಟ್ಟಬೇಡಿ."

"ಎಡಗಡೆ, ಬಲಗಡೆ, ಎರಡೂ ಒಂದೇ ಅಲ್ವೇನಮ್ಮ?"

"ಅಯ್ಯೋ, ಅಲ್ಲ ಅಂಕಲ್. ಎಡಗಡೆದು ಅವರ ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷದ್ದು. ಇಡೀ ಅಮೆರಿಕದಲ್ಲಿ ಅವರ ಹತ್ತಿರ ಇರೋದೇ ಆ ಹನ್ನೆರಡು. ಬಲಗಡೆದು ಮುಂದಿನ ವರ್ಷದ್ದು, ಆ ಸಲ ದ್ರಾಕ್ಷಿಗೆ ರೋಗ ಬಿದ್ದಿತ್ತು, ಎಲ್ಲಾ ಹುಳಿ. ಬಿಸಾಕೋಕೆ ರಾಜಧಾನಿಯಿಂದ ಆರ್ಡರ್ ಬಂದಿಲ್ಲ, ಅದಕ್ಕೇ ಇದೆ. ಈ ಅಜ್ಜಿ ಸ್ವಾತಂತ್ರ್ಯಕ್ಕೋಸ್ಕರ ನಾಲ್ಕು ವರ್ಷ ಜೈಲಲ್ಲಿ ಇದ್ದವರು. ಸಾಹೇಬರು ಅವರ ಕೈಗೇ ಬಾಟಲಿ ಕೊಟ್ಟು ಲೇಬಲ್ ತೋರಿಸಿ ಆಮೇಲೆ ತೆಗೀತಾರೆ. ಎಲ್ಲಾ ಸರಿ ಇದೆ ತಾನೇ?"

ತೊಳೆದು ಮಲಗಿಸಿದ್ದ ಬೋಳು ಬಾಟಲಿಗಳು ಕಣ್ಣ ಮುಂದೆ ಬಂದವು. ಆದರೂ ಬಾಯಿಂದ ಬಂದದ್ದು, "ಎಲ್ಲಾ ಸರಿ ಇದೆಯಮ್ಮ, ನೀನು ನಿಧಾನಕ್ಕೆ ಬಾ."

ಯಾಕೆ ಹಾಗೆ ಹೇಳಿದೆ ಅಂತ ಕೇಳಬೇಡಿ. ನಾಚಿಕೆಯಾಯಿತು, ಅಷ್ಟೇ. ಒಂದೂ ತಪ್ಪು ಮಾಡದ ಮನುಷ್ಯ ಅಂತ ಮೆರೆದಿದ್ದೆನಲ್ಲ, ಆ ಜಂಬ ನಾಲಿಗೆ ಹಿಡಿದುಕೊಂಡಿತು.

ಅವಳು ಬರೋಕೆ ಮೂರು ಗಂಟೆ ಇತ್ತು. ಬಾಗಿಲು ಹಾಕಿಕೊಂಡು ಬಾಟಲಿಗಳ ಮುಂದೆ ಕೂತೆ. ಟಾರ್ಚ್ ಹಿಡಿದು ಬಣ್ಣ ನೋಡಿದೆ, ಎಲ್ಲಾ ಒಂದೇ ಕಪ್ಪು ಕೆಂಪು. ಎಷ್ಟು ತುಂಬಿದೆ ಅಂತ ಬೆರಳಲ್ಲಿ ಅಳೆದೆ. ಕೆಲವು ಒಂದು ಬೆರಳು ಕಡಿಮೆ, ಆದರೆ ಅಂಥವು ಏಳೇ. ಯಾವ ಬಕೆಟ್ಟಿಗೆ ಯಾವುದು ಮೊದಲು ಹಾಕಿದೆ ಅಂತ ನೆನಪು ಮಾಡಿಕೊಳ್ಳೋಕೆ ನೋಡಿದೆ. ನೆನಪಿಗೆ ಬಂದದ್ದು ನಾನು ಪೂಜೆ ಮಾಡ್ತಾ ಗುನುಗುತ್ತಿದ್ದೆ ಅನ್ನೋದು ಮಾತ್ರ. ಹದಿಮೂರು ಡಿಗ್ರಿಯಲ್ಲಿ ಬೆನ್ನ ಮೇಲೆ ಬೆವರು ಇಳೀತಿತ್ತು. ಗಣೇಶನ ಮಾಡಲು ಹೋಗಿ ಅವರಪ್ಪನ ಮಾಡಿದ್ದೆ, ಅದೂ ಇನ್ನೊಬ್ಬರ ಮನೆ ಹಾಳಾಗೋ ಹಾಗೆ. ನನಗೆ ಕೆಲಸ ಹೋದರೆ ಮಗಳ ಮನೆ ಸೋಫಾ ಇದೆ. ಅವಳಿಗೆ ಏನಿದೆ? ಫೋನ್ ಮಾಡಿ ಹೇಳಿಬಿಡೋಣ ಅಂತ ನಾಲ್ಕು ಸಲ ತೆಗೆದೆ, ನಾಲ್ಕು ಸಲ ಜೇಬಿಗೆ ಹಾಕಿದೆ.

ನಾಲ್ಕೂ ಕಾಲಿಗೆ ಅವಳು ಅಜ್ಜಿಯನ್ನು ಹೋಟೆಲ್ಲಿಗೆ ಬಿಟ್ಟು ನೇರ ಕೋಣೆಗೆ ಬಂದಳು. ಒಳಗೆ ಕಾಲಿಟ್ಟವಳು ಅಲ್ಲೇ ನಿಂತಳು. ಬೋಳು ಬಾಟಲಿಗಳನ್ನು ನೋಡಿದಳು, ಕತ್ತಿನ ಕುಂಕುಮ ನೋಡಿದಳು, ಆಮೇಲೆ ನನ್ನನ್ನು.

"ಅಂಕಲ್, ಇದೇನಿದು?"

"ಆಯುಧಪೂಜೆಗೆ ತೊಳೆದೆ ಕಣಮ್ಮ. ಒಂದೇ ಅಂದುಕೊಂಡೆ. ಯಾವುದು ಯಾವುದು ಅಂತ ಈಗ ಗೊತ್ತಾಗ್ತಿಲ್ಲ."

ಕೂಗಾಡ್ತಾಳೆ ಅಂದುಕೊಂಡಿದ್ದೆ. ಕೂಗಿದ್ದರೆ ಎಷ್ಟೋ ವಾಸಿಯಿತ್ತು. ನೆಲದ ಮೇಲೆ ಕೂತಳು.

"ಒಂದು ಗಂಟೆಗೆ ಕೇಳಿದೆನಲ್ಲ, ಎಲ್ಲಾ ಸರಿ ಇದೆ ಅಂದ್ರಲ್ಲ. ಆಗಲೇ ಹೇಳಿದ್ದರೆ ದಾರಿಯಿಂದಲೇ ಏನಾದರೂ ಮಾಡ್ತಿದ್ದೆ. ಸಾಹೇಬರ ಹತ್ತಿರ ಬೇರೆ ವೈನ್ ಅಂತ ಒಪ್ಪಿಸ್ತಿದ್ದೆ. ಈಗ ಮೆನು ಕಾರ್ಡಿನಲ್ಲಿ ವರ್ಷ ಪ್ರಿಂಟ್ ಆಗಿಹೋಗಿದೆ ಅಂಕಲ್."

"ತಪ್ಪಾಯ್ತಮ್ಮ."

ಅವಳು ಎದ್ದು ಒಂದು ಬಾಟಲಿಯ ಮೇಲಿನ ತಗಡು ಹಾಳೆ ಕತ್ತರಿಸಿ, ಕತ್ತಿನ ಗಾಜಿಗೆ ಟಾರ್ಚ್ ಹಿಡಿದಳು. ಒಳಗಿನ ಬಿರಡೆಯ ಮೇಲೆ ವರ್ಷ ಸುಟ್ಟಿರ್ತಾರಂತೆ. ಬಿರಡೆ ಬರಿದಾಗಿತ್ತು. ಇನ್ನೊಂದು ನೋಡಿದಳು. ಅದೂ ಬರಿದು. ಹಳ್ಳಿಯ ಸಣ್ಣ ಜನ ಮಾಡಿದ ವೈನು, ಯಾರು ಮುದ್ರೆ ಹಾಕ್ತಾರೆ. ತೆಗೆದು ರುಚಿ ನೋಡೋಣ ಅಂದರೆ, ಬಾಟಲಿಯನ್ನು ಅಜ್ಜಿಯ ಎದುರಿಗೇ ತೆಗೀಬೇಕು.

"ಲೇಬಲ್ ಎಲ್ಲಿ? ಹರಿದುಹೋಯ್ತಾ?" ಅಂತ ಕೇಳಿದಳು.

ಪೇಪರು ಬಿಚ್ಚಿ ತೋರಿಸಿದೆ. ಎಲ್ಲಾ ಇಸ್ತ್ರಿ ಮಾಡಿದ ಹಾಗೆ ಒಣಗಿದ್ದವು. ಅವಳು ಸ್ವಾತಂತ್ರ್ಯದ ವರ್ಷದ್ದು ಆರು ಆರಿಸಿದಳು. ಆರಿಸುವಾಗ ನನ್ನ ಮುಖ ನೋಡಲಿಲ್ಲ.

"ಅಂಟಿಸಿಬಿಡೋಣ," ಅಂದಳು.

"ಯಾವುದಕ್ಕೆ?"

"ಯಾವುದಕ್ಕಾದರೂ. ಒಂದು ವೇಳೆ ಏರುಪೇರಾದರೂ ಅಜ್ಜಿಗೆ ಮೂಗು ಕಟ್ಟಿದೆ, ಏನೂ ಗೊತ್ತಾಗಲ್ಲ. ಸಾಹೇಬರು ಅಜ್ಜಿ ಮುಖ ನೋಡಿಕೊಂಡು ಕುಡೀತಾರೆ."

ನಾನು ಡಿಪೋದಲ್ಲಿ ಒಂದು ವಾಷರ್‌ಗೂ ಸುಳ್ಳು ಚೀಟಿ ಕಟ್ಟಿದವನಲ್ಲ. ಸುಳ್ಳು ಚೀಟಿಯ ಬ್ರೇಕಿನ ಸಾಮಾನು ಹಾಕಿದರೆ ಬಸ್ಸು ಘಾಟಿಯಲ್ಲಿ ಉರುಳುತ್ತೆ. ಅದನ್ನು ಅವಳಿಗೆ ಹೇಳಬೇಕು ಅನ್ನಿಸಿತು. ಆದರೆ ಹೇಳೋಕೆ ನನಗೆ ಯಾವ ಮುಖವಿತ್ತು? ಅಡುಗೆಮನೆಗೆ ಹೋಗಿ ಒಂದು ಬಟ್ಟಲಿಗೆ ಮೈದಾಹಿಟ್ಟು ಹಾಕಿ ಬಿಸಿನೀರಲ್ಲಿ ಕಲಸಿಕೊಂಡು ಬಂದೆ. ಸಿನಿಮಾ ಪೋಸ್ಟರಿಗೆ ಹಚ್ತಾರಲ್ಲ, ಅದೇ ಅಂಟು.

ನಾನು ಬಾಟಲಿ ಹಿಡಿದೆ, ಅವಳು ಬೆರಳಲ್ಲಿ ಅಂಟು ಸವರಿ ಲೇಬಲ್ ಕೂರಿಸಿದಳು. ಒಂದಾಯಿತು, ಎರಡಾಯಿತು. "ನಿಶಿತಾಗೆ ಹೊಸ ಪಂಪ್ ಹಾಕಿದ್ದಾರೆ ಅಂಕಲ್, ಇನ್ನು ಸೂಜಿ ಚುಚ್ಚೋದು ಬೇಡ," ಅಂದಳು, ಸುಮ್ಮನೆ, ಯಾರಿಗೋ ಹೇಳೋ ಹಾಗೆ. ನಾಲ್ಕನೆಯದಕ್ಕೆ ಅಂಟು ಹಚ್ಚುವಾಗ ಗ್ಯಾರೇಜಿನ ಕಡೆಯಿಂದ ಬೂಟಿನ ಸದ್ದು ಕೇಳಿಸಿತು. ಬಾಗಿಲಿಗೆ ಬೋಲ್ಟ್ ಹಾಕಿರಲಿಲ್ಲ.

ಸಾಹೇಬರು ಒಳಗೆ ಬಂದರು. ಉದ್ದ ಆಳು, ಮೆತ್ತನೆ ಮಾತು, ಸಿಟ್ಟು ಬಂದಷ್ಟೂ ದನಿ ತಗ್ಗುತ್ತೆ. ರಮಾ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಳು. ಬಟ್ಟಲು ನನ್ನ ಕಾಲ ಹತ್ತಿರ ಇತ್ತು. ಸಾಹೇಬರು ಏನೂ ಕೇಳದೆ ಹತ್ತಿರದ ಬಾಟಲಿ ಎತ್ತಿಕೊಂಡರು. ಹೆಬ್ಬೆಟ್ಟಿನ ಕೆಳಗೆ ಲೇಬಲ್ ಜಾರಿ ಓರೆಯಾಯಿತು. ಅವರು ಬೆರಳು ನೋಡಿಕೊಂಡರು, ಮೂಸಿದರು.

"ಇದನ್ನು ಮಾಡಿದವರು ಯಾರು?" ಅಂತ ಇಂಗ್ಲಿಷಿನಲ್ಲಿ ಕೇಳಿದರು.

"ನಾನು," ಅಂದೆ. ಹೇಗೆ ತೊಳೆದೆ, ಯಾಕೆ ತೊಳೆದೆ, ಎಲ್ಲಾ ನನ್ನ ಡಿಪೋ ಇಂಗ್ಲಿಷಿನಲ್ಲಿ ಹೇಳಿದೆ. ವರ್ಷಕ್ಕೊಂದು ದಿನ ನಮ್ಮ ದೇವರು ಕೆಲಸದ ಸಾಮಾನಿನಲ್ಲಿ ಇರ್ತಾನೆ, ಅವತ್ತು ಅದನ್ನು ತೊಳೆದು ಕೈ ಮುಗೀಬೇಕು ಅಂದೆ. ಅವರು ಒಂದು ಬಾಟಲಿಯ ಕತ್ತಿನ ಕುಂಕುಮ ಬಹಳ ಹೊತ್ತು ನೋಡಿದರು. ಮುಖ ಸ್ವಲ್ಪ ಮೆತ್ತಗಾಯಿತು, ಸುಳ್ಳಲ್ಲ. "ನಮ್ಮ ಅಜ್ಜಿ ಹಬ್ಬಕ್ಕೆ ನೇಗಿಲು ತೊಳೆಯುತ್ತಿದ್ದಳು," ಅಂದರು. ಆಮೇಲೆ ಅದೇ ದನಿಯಲ್ಲಿ, "ತೊಳೆದದ್ದು ಅಜ್ಞಾನ, ಅದನ್ನು ಕ್ಷಮಿಸಬಹುದು. ಆದರೆ ಬುಧವಾರ ರಮಾ ಡ್ಯಾಲಸ್‌ನಲ್ಲಿದ್ದಳು. ಈ ಬಾಗಿಲು ತೆರೆದದ್ದು ಹೇಗೆ?" ಅಂದರು.

ರಮಾ ಬಾಯಿ ತೆರೆದಳು. ಅವಳು ನಿಜ ಹೇಳ್ತಾಳೆ ಅಂತ ನನಗೆ ಗೊತ್ತಾಯಿತು, ತುಟಿ ಆಗಲೇ ಅಳುಮುಖಕ್ಕೆ ತಿರುಗಿತ್ತು.

"ಐ ಟೇಕ್ ದಿ ಕೀ," ಅಂದೆ ನಾನು. "ಮೇಡಂ ಬ್ಯಾಗ್. ಸೀಕ್ರೆಟ್ ಆಗಿ ಡೂಪ್ಲಿಕೇಟ್ ಮಾಡಿಸ್ದೆ. ಮೇಡಂ ನಾಟ್ ನೋಯಿಂಗ್. ಈ ಅಂಟೂ ನಂದೇ. ಅವಳು ಈಗ ಬಂದು ನನ್ನ ಹಿಡಿದಳು."

ಎರಡು ಭಾಷೆ ಕಲಸಿಹೋಗಿತ್ತು, ಆದರೆ ನನ್ನ ಕೈಸನ್ನೆ ನೋಡಿ ಸಾಹೇಬರಿಗೆ ಅರ್ಥವಾಯಿತು. ಅವರು ರಮಾ ಕಡೆ ತಿರುಗಿದರು.

"ಇದು ನಿಜವೇ?"

ಅವಳ ಕೈ ಇನ್ನೂ ಬೆನ್ನ ಹಿಂದೆಯೇ ಇತ್ತು. ನಾನು ನಿಂತ ಕಡೆಯಿಂದ ಬೆರಳುಗಳು ಕಾಣಿಸ್ತಿದ್ದವು, ಅಂಟು ಒಣಗಿ ಬೆಳ್ಳಗಾಗ್ತಿತ್ತು. ಹೌದು ಅನ್ನು ಅಂತ ಮನಸ್ಸಲ್ಲೇ ಬೇಡಿಕೊಂಡೆ. ನಿಮ್ಮಾಣೆ, ಬೇಡಿಕೊಂಡೆ.

"ಹೌದು," ಅಂದಳು.

ನಾನೇ ಬೇಡಿದ್ದು. ಆದರೂ ಒಂದು ಗಳಿಗೆ ತಡೆದು ಹೇಳಿದ್ದರೆ ಏನಾಗ್ತಿತ್ತು ಅಂತ ಸಿಟ್ಟು ಬಂತು. ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಸಾಹೇಬರು ಒಂದು ಹಾಳೆ ತರಿಸಿದರು. ಅನುಮತಿಯಿಲ್ಲದೆ ಕೀ ತೆಗೆದುಕೊಂಡು ಸರ್ಕಾರದ ಕೋಣೆ ಪ್ರವೇಶಿಸಿದೆ ಅಂತ ಅವರೇ ಬರೆದು ನನ್ನ ಮುಂದೆ ಇಟ್ಟರು. ಡಿಪೋದಲ್ಲಿ ಇಂಥ ಹೇಳಿಕೆಗಳನ್ನು ಕಳ್ಳ ಮೆಕ್ಯಾನಿಕ್‌ಗಳ ಹತ್ತಿರ ಬರೆಸಿಕೊಳ್ಳೋದು ನೋಡಿದ್ದೆ. ನನ್ನ ಸ್ಟೋರಿನ ಮೇಜಿನ ಮೇಲೇ ಬರೆಸಿದ್ದರು ಒಂದೆರಡು ಸಲ. ಹೆಸರು ಪೂರ್ತಿ ಬರೆದು ಸಹಿ ಹಾಕಿದೆ. ರಮಾ ಗೋಡೆ ನೋಡ್ತಾ ನಿಂತಿದ್ದಳು. ಅವತ್ತು ರಾತ್ರಿ ಊಟಕ್ಕೆ ಏನು ಬಡಿಸಿದರೋ ನನಗೆ ಗೊತ್ತಿಲ್ಲ, ಯಾರೂ ಹೇಳಲಿಲ್ಲ. ರಮಾ ಕೆಲಸ ಉಳೀತು, ನನ್ನದು ಹೋಯಿತು. ಮನೆಯಲ್ಲಿ, ಕೆಲಸ ಸಾಕಾಯಿತು, ಬಿಟ್ಟೆ ಅಂದೆ.

ಹತ್ತು ದಿನದ ಮೇಲೆ, ನನ್ನನ್ನು ತೆಗೆದ ಕಾರಣ ಬರೆದು ಬಂಗಲೆಯಿಂದ ಇಮೇಲ್ ಬಂತು. ನನ್ನ ಇಮೇಲೆಲ್ಲ ಪ್ರಗತಿ ಫೋನಿಗೇ ಬರೋದು. ಭಾನುವಾರ ಮಧ್ಯಾಹ್ನ, ಪಾತ್ರೆ ತೊಳೀತಿದ್ದವಳು ಕೈ ಒರೆಸಿಕೊಂಡು ಓದಿದಳು. ಇನ್ನೊಂದು ಸಲ ಓದಿದಳು.

"ಅಪ್ಪ, ರಮಾ ಬ್ಯಾಗಿನಿಂದ ನೀವು ಕೀ ತೆಗೆದ್ರಾ?"

ನಿಜ ಹೇಳಿದರೆ ಇವಳು ಸುಮ್ಮನಿರೋ ಪೈಕಿ ಅಲ್ಲ. ಅರ್ಧ ಗಂಟೆಗೆ ರಮಾ ಮೇಲೆ ಹಾರಾಡ್ತಾಳೆ, ಸಂಜೆ ಹೊತ್ತಿಗೆ ಕನ್ನಡ ಕೂಟಕ್ಕೆ, ಸೋಮವಾರ ಸಾಹೇಬರ ಕಿವಿಗೆ.

"ತೆಗೆದೆ," ಅಂದೆ.

"ಸುಮ್ಮನೆ ಹೇಳ್ತಿದ್ದೀರಾ. ನೀವು ಅಂಥೋರಲ್ಲ."

"ತೆಗೆದೆ ಅಂದೆನಲ್ಲ."

ನಾನು ರೇಗ್ತೀನಿ, ಯಾವನು ಹಾಗೆ ಬರೆದದ್ದು ಅಂತ ಕೂಗ್ತೀನಿ ಅಂತ ಅವಳು ಕಾದಳು. ನಾನು ಕೂಗಲಿಲ್ಲ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು, ಆಮೇಲೆ ನೋಡೋದು ಬಿಟ್ಟಳು. ಕೈ ಒದ್ದೆ ಇತ್ತು ಅಂತ ಫೋನನ್ನು ಕಟ್ಟೆಯ ಮೇಲೆ ಇಟ್ಟು ಸ್ಪೀಕರ್ ಹಾಕಿ ರಮಾಗೆ ಕರೆ ಮಾಡಿದಳು.

"ರಮಾ, ಇವತ್ತು ಗೊತ್ತಾಯಿತು ಕಣೇ. ನೀನು ನಂಬಿ ಕೆಲಸ ಕೊಡಿಸ್ದೆ. ನಮ್ಮಪ್ಪನ ಪರವಾಗಿ ನಾನು ಕ್ಷಮೆ ಕೇಳ್ತೀನಿ."

ನಾನು ಫೋನಿನ ಹತ್ತಿರವೇ ನಿಂತಿದ್ದೆ.

"ಪರವಾಗಿಲ್ಲ ಬಿಡೇ," ಅಂದಳು ರಮಾ. "ದೊಡ್ಡವರು."